ಡಬ್ಬಿ ಕಾಕ್‌ಟೇಲ್‌ಗೆ 1862ರಲ್ಲೇ ಸೂತ್ರ ಬರೆದಿದ್ದ ಜೆರ್ರಿ ಥಾಮಸ್: ಬಾರ್‌ಟೆಂಡರ್‌ಗಳ ‘ಪ್ರೊಫೆಸರ್’ನ ಏರಿಳಿತದ ಬದುಕು

ಫ್ರಿಜ್‌ನಿಂದ ತಣ್ಣನೆಯ ಡಬ್ಬಿ ತೆಗೆಯುವುದು, ಮುಚ್ಚಳದ ಕೊಂಡಿ ಎಳೆಯುವುದು, ಗ್ಲಾಸಿಗೆ ಸುರಿಯುವುದು. ಅಷ್ಟಕ್ಕೆ ಕಾಕ್‌ಟೇಲ್ ಸಿದ್ಧ! ಅಳತೆಯ ಲೆಕ್ಕವಿಲ್ಲ, ಶೇಕರ್ ಅಲ್ಲಾಡಿಸುವ ಕಸರತ್ತಿಲ್ಲ, ನಿಂಬೆಹಣ್ಣು ಹಿಂಡುವ ರಗಳೆಯಿಲ್ಲ. 2020ರ ಕೊರೊನಾ ಕಾಲದಲ್ಲಿ ಬಾರ್‌ಗಳು ಬಾಗಿಲು ಮುಚ್ಚಿದಾಗ ಅಮೆರಿಕದಲ್ಲಿ ಮನೆಮನೆಗೂ ಹೋದ ಪಾನೀಯ ಇದು. ಬಾರ್‌ಗಳು ತೆರೆದ ಮೇಲೂ ಈ ಡಬ್ಬಿಗಳು ಅಂಗಡಿಯ ಕಪಾಟಿನಿಂದ ಇಳಿಯಲಿಲ್ಲ.

ನೋಡಿದವರಿಗೆ ಇದು ನಮ್ಮ ಅವಸರದ ಕಾಲದ ಸರಕು ಅನ್ನಿಸುತ್ತದೆ. ಆದರೆ ಮೊದಲೇ ಬೆರೆಸಿಟ್ಟು, ಬೇಕಾದಾಗ ತೆರೆದು ಕುಡಿಯುವ ಕಾಕ್‌ಟೇಲ್‌ನ ಸೂತ್ರ 160 ವರ್ಷಗಳಿಗೂ ಹಿಂದೆಯೇ ಅಚ್ಚಾಗಿತ್ತು. ಅದೂ ಅಮೆರಿಕದ ಮೊಟ್ಟಮೊದಲ ಬಾರ್‌ಟೆಂಡರ್ ಕೈಪಿಡಿಯಲ್ಲಿ, ಕಾಕ್‌ಟೇಲ್ ವಿಭಾಗದ ಮೊದಲ ಪಾಕವಾಗಿ. ಅದನ್ನು ಬರೆದವನು ಕೈಚಳಕವನ್ನೇ ನಂಬಿ ಬದುಕಿದ, ಆ ಕಾಲದ ಅತಿ ಪ್ರಸಿದ್ಧ ಬಾರ್‌ಟೆಂಡರ್. ತನ್ನ ಕೈಯ ಅಗತ್ಯವೇ ಇಲ್ಲದಂತೆ ಮಾಡುವ ಪಾಕವನ್ನು ತಾನೇ ಊರಿಗೆಲ್ಲ ಹಂಚಿದ ಆ ಮನುಷ್ಯನ ಹೆಸರು ಜೆರ್ರಿ ಥಾಮಸ್.

ಸರೋವರದ ದಂಡೆಯಿಂದ ಸಮುದ್ರಕ್ಕೆ

ಜೆರ್ರಿ ಥಾಮಸ್ ಹುಟ್ಟಿದ್ದು 1830ರ ಅಕ್ಟೋಬರ್ 30ರಂದು, ನ್ಯೂಯಾರ್ಕ್ ರಾಜ್ಯದ ಸ್ಯಾಕೆಟ್ಸ್ ಹಾರ್ಬರ್‌ನಲ್ಲಿ. ಒಂಟಾರಿಯೊ ಸರೋವರದ ದಂಡೆಯ ಪುಟ್ಟ ಊರದು. ಹದಿಹರೆಯದಲ್ಲೇ ಊರು ಬಿಟ್ಟ ಹುಡುಗ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಪಟ್ಟಣ ಸೇರಿ, ಅಲ್ಲಿನ ಬಾರೊಂದರಲ್ಲಿ ಕೆಲಸ ಕಲಿತ. ಗ್ಲಾಸು ತೊಳೆಯುವುದು, ಮಂಜುಗಡ್ಡೆ ಒಡೆಯುವುದು, ಗಿರಾಕಿಯ ಮುಖ ನೋಡಿ ಅವನಿಗೇನು ಬೇಕೆಂದು ಊಹಿಸುವುದು. ಈ ಕಸುಬಿಗೆ ಆಗ ಶಾಲೆಯೂ ಇರಲಿಲ್ಲ, ಪಠ್ಯಪುಸ್ತಕವೂ ಇರಲಿಲ್ಲ. ನಮ್ಮಲ್ಲಿ ಅಡುಗೆಭಟ್ಟರ ಕೈಕೆಳಗೆ ನಿಂತು ಹುಡುಗರು ಪಾಕ ಕಲಿಯುವಂತೆ, ಅಲ್ಲಿಯೂ ಹಿರಿಯನ ಪಕ್ಕ ನಿಂತು ನೋಡಿ ಕಲಿಯಬೇಕಿತ್ತು. ಯಾವುದಕ್ಕೆ ಎಷ್ಟು ಎಂಬ ಅಳತೆ ಆಯಾ ಬಾರ್‌ಟೆಂಡರನ ತಲೆಯಲ್ಲಿ ಇರುತ್ತಿತ್ತು. ಅದನ್ನು ಆತ ಸುಲಭಕ್ಕೆ ಬಿಟ್ಟುಕೊಡುತ್ತಿರಲಿಲ್ಲ.

ಆದರೆ ಹುಡುಗನ ಕಾಲು ಒಂದೆಡೆ ನಿಲ್ಲಲಿಲ್ಲ. ಹಡಗಿನ ನಾವಿಕನಾಗಿ ಹೊರಟ. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಸುದ್ದಿ ಅಮೆರಿಕದ ಮೂಲೆಮೂಲೆಗೆ ಹಬ್ಬಿತ್ತು. 1849ರಲ್ಲಿ, ಇನ್ನೂ ಇಪ್ಪತ್ತು ತುಂಬದ ಥಾಮಸ್ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದ.

ಚಿನ್ನದ ಊರಿನ ಬಾರ್

ಆಗಿನ ಸ್ಯಾನ್ ಫ್ರಾನ್ಸಿಸ್ಕೊ ರಾತ್ರೋರಾತ್ರಿ ಎದ್ದು ನಿಂತ ಊರು. ಮನೆಗಳಿಗಿಂತ ಗುಡಾರಗಳೇ ಹೆಚ್ಚು. ಊರ ನಡುವಿನ ಪೋರ್ಟ್ಸ್‌ಮತ್ ಚೌಕದಲ್ಲಿ ‘ಎಲ್ ಡೊರಾಡೊ’ ಎಂಬ ಜೂಜಿನ ಅಡ್ಡೆ ಇತ್ತು. ಅದೂ ಶುರುವಾಗಿದ್ದು ಗುಡಾರದಲ್ಲೇ. ಗಣಿಯಿಂದ ಬಂದವರು ಜೇಬಿನಲ್ಲಿದ್ದ ಚಿನ್ನದ ಪುಡಿಯನ್ನು ಇಸ್ಪೀಟು ಮೇಜಿನ ಮೇಲೂ ಬಾರ್ ಕಟ್ಟೆಯ ಮೇಲೂ ಸುರಿಯುತ್ತಿದ್ದ ಜಾಗವದು. ಥಾಮಸ್ ಅಲ್ಲಿ ಬಾರ್‌ಟೆಂಡರ್ ಆದ. ನಡುವೆ ತಾನೂ ಗಣಿಗೆ ಹೋಗಿ ಚಿನ್ನ ಹುಡುಕಿದ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಆ ಕಾಲದ ‘ಮಿನ್‌ಸ್ಟ್ರೆಲ್’ ನಾಟಕ ತಂಡವೊಂದನ್ನೂ ನಡೆಸಿದ.

ಈ ಮೂರು ಕೆಲಸಗಳಲ್ಲಿ ಆತನ ಕೈಹಿಡಿದದ್ದು ಬಾರ್ ಕಟ್ಟೆ. ಗಣಿಯಲ್ಲಿ ಅಗೆಯುವವನಿಗಿಂತ, ಅಗೆದು ದಣಿದು ಬಂದವನಿಗೆ ಗ್ಲಾಸು ತುಂಬಿಸಿ ಕೊಡುವವನ ಸಂಪಾದನೆಯೇ ಹೆಚ್ಚು ಖಾತ್ರಿಯಾಗಿತ್ತು. ಜತೆಗೆ ನಾಟಕದ ನಂಟಿನಿಂದ ಜನರ ಕಣ್ಣು ಹಿಡಿದಿಡುವ ಕಲೆಯೂ ಒಲಿದಿತ್ತು.

1851ರ ಸುಮಾರಿಗೆ ಥಾಮಸ್ ನ್ಯೂಯಾರ್ಕ್‌ಗೆ ಮರಳಿ ಬ್ರಾಡ್‌ವೇ ರಸ್ತೆಯಲ್ಲಿ ತನ್ನದೇ ಬಾರ್ ತೆರೆದ. ಅದು ಇದ್ದದ್ದು ಪಿ.ಟಿ. ಬಾರ್ನಮ್‌ನ ಪ್ರಸಿದ್ಧ ‘ಅಮೆರಿಕನ್ ಮ್ಯೂಸಿಯಂ’ ಕೆಳಗೆ. ಮೇಲೆ ವಿಚಿತ್ರ ವಸ್ತುಗಳ, ವಿಶೇಷ ಮನುಷ್ಯರ ಪ್ರದರ್ಶನ. ಕೆಳಗೆ ಥಾಮಸ್‌ನ ಪ್ರದರ್ಶನ. ಆದರೆ ಅಲ್ಲಿಯೂ ಆತ ಬಹಳ ದಿನ ನೆಲೆ ನಿಲ್ಲಲಿಲ್ಲ. ಸೇಂಟ್ ಲೂಯಿಸ್‌ನ ಪ್ಲಾಂಟರ್ಸ್ ಹೌಸ್ ಹೋಟೆಲ್, ಚಾರ್ಲ್ಸ್‌ಟನ್, ನ್ಯೂ ಆರ್ಲಿಯನ್ಸ್, ಮುಂದೆ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಹೋಟೆಲ್ ಹೀಗೆ ದೇಶವಿಡೀ ಸುತ್ತಿದ. ಹೋದಲ್ಲೆಲ್ಲ ಅಲ್ಲಿನ ಪಾನೀಯಗಳನ್ನು ಕಲಿತ, ತನ್ನವನ್ನು ಕಲಿಸಿದ. ಯುರೋಪಿಗೂ ಹೋಗಿ ಬಂದ. ಆಗ ಆತನ ಪೆಟ್ಟಿಗೆಯಲ್ಲಿದ್ದ ಬಾರ್ ಸಾಮಾನುಗಳೆಲ್ಲ ಅಪ್ಪಟ ಬೆಳ್ಳಿಯವು.

ಲೋಟದಿಂದ ಲೋಟಕ್ಕೆ ಬೆಂಕಿಯ ಧಾರೆ

ಉಡುಪಿ ಹೋಟೆಲಿನಲ್ಲಿ ಕಾಫಿಯನ್ನು ಲೋಟದಿಂದ ಡಬರಿಗೆ, ಡಬರಿಯಿಂದ ಲೋಟಕ್ಕೆ ಎತ್ತಿ ಹೊಯ್ಯುವುದನ್ನು ಮುಂಬೈನ ಮಾಟುಂಗಾದವರಿಗೋ ಚೆನ್ನೈಯವರಿಗೋ ಬಿಡಿಸಿ ಹೇಳಬೇಕಿಲ್ಲ. ಥಾಮಸ್ ಅದೇ ಕೆಲಸವನ್ನು ಉರಿಯುವ ವಿಸ್ಕಿಯಲ್ಲಿ ಮಾಡುತ್ತಿದ್ದ! ಹಿಡಿಕೆಯಿರುವ ಎರಡು ದೊಡ್ಡ ಬೆಳ್ಳಿ ಲೇಪದ ಲೋಟಗಳು. ಒಂದರಲ್ಲಿ ಸ್ಕಾಚ್ ವಿಸ್ಕಿ, ಇನ್ನೊಂದರಲ್ಲಿ ಕುದಿಯುವ ನೀರು. ವಿಸ್ಕಿಗೆ ಬೆಂಕಿ ಹಚ್ಚಿ, ಅದು ಉರಿಯುತ್ತಿರುವಾಗಲೇ ಎರಡನ್ನೂ ಬೆರೆಸಿ ಲೋಟದಿಂದ ಲೋಟಕ್ಕೆ ನಾಲ್ಕೈದು ಸಲ ಹೊಯ್ಯುತ್ತಿದ್ದ. ಕತ್ತಲಲ್ಲಿ ನೀಲಿ ಜ್ವಾಲೆಯೊಂದು ನೀರಿನಂತೆ ಹರಿಯುವ ಹಾಗೆ ಕಾಣುತ್ತಿತ್ತು. ಕೊನೆಗೆ ಸ್ವಲ್ಪ ಸಕ್ಕರೆ, ಒಂದು ಚೂರು ನಿಂಬೆ ಸಿಪ್ಪೆ. ಇದರ ಹೆಸರು ‘ಬ್ಲೂ ಬ್ಲೇಜರ್’.

ಇದೇ ಆತನ ಗುರುತಿನ ಪಾನೀಯವಾಯಿತು. ಆತ ಬೆಂಕಿ ಹೊಯ್ಯುತ್ತಿರುವ ಚಿತ್ರ ಮುಂದೆ ಪುಸ್ತಕದಲ್ಲೂ ಅಚ್ಚಾಯಿತು. ಹೊಸಬರು ಮೈಕೈ ಸುಟ್ಟುಕೊಳ್ಳದಂತೆ ಮೊದಲು ತಣ್ಣೀರಿನಲ್ಲಿ ಅಭ್ಯಾಸ ಮಾಡಬೇಕು ಎಂಬ ಎಚ್ಚರಿಕೆಯನ್ನೂ ಆತ ಅಲ್ಲೇ ಸೇರಿಸಿದ್ದ. ಮದ್ಯದ ರುಚಿಗಿಂತ ಅದನ್ನು ತಯಾರಿಸುವ ಆಟ ನೋಡಲೆಂದೇ ಜನ ಸೇರುತ್ತಿದ್ದರು. ಬೆರಳಿನಲ್ಲಿ, ಅಂಗಿಯ ಮೇಲೆ ವಜ್ರಗಳು, ಕೈಗೆ ನುಣುಪಾದ ಚರ್ಮದ ಕೈಗವಸು. ಹೆಗಲ ಮೇಲೆ ಎರಡು ಸಾಕಿದ ಬಿಳಿ ಇಲಿಗಳು ಓಡಾಡುತ್ತಿದ್ದವು ಎಂಬ ಪ್ರತೀತಿಯೂ ಇದೆ. ಜನ ಆತನನ್ನು ‘ಪ್ರೊಫೆಸರ್’ ಎಂದು ಕರೆಯತೊಡಗಿದರು.

ಬೋಗುಣಿಯಿಂದ ಗ್ಲಾಸಿಗೆ

ಥಾಮಸ್ ಮಾಡಿದ ಕೆಲಸದ ಮಹತ್ವ ತಿಳಿಯಬೇಕಾದರೆ ಆ ಕಾಲದ ಕುಡಿತದ ರೀತಿಯನ್ನು ಸ್ವಲ್ಪ ನೋಡಬೇಕು. ಅದಕ್ಕೂ ಹಿಂದಿನ ಇನ್ನೂರು ವರ್ಷ ಇಂಗ್ಲಿಷರ, ಅಮೆರಿಕನ್ನರ ಮೆಚ್ಚಿನ ಮಿಶ್ರ ಪಾನೀಯ ‘ಪಂಚ್’. ಅದು ಹೊರಟದ್ದು ಭಾರತದ ಕಡೆಯಿಂದ. ಮದ್ಯ, ಸಕ್ಕರೆ, ನಿಂಬೆರಸ, ನೀರು, ಮಸಾಲೆ ಎಂಬ ಐದು ಸೇರಿದ್ದರಿಂದ ನಮ್ಮ ‘ಪಂಚ’ ಶಬ್ದವೇ ಅದಕ್ಕೆ ಹೆಸರಾಯಿತು ಎಂಬುದು ಬಹಳ ಕಾಲದಿಂದ ಚಾಲ್ತಿಯಲ್ಲಿರುವ ವಿವರಣೆ. ದೊಡ್ಡ ಬೋಗುಣಿಯಲ್ಲಿ ಕಲಸಿ, ಸುತ್ತ ಕೂತವರೆಲ್ಲ ಹಂಚಿಕೊಂಡು ಕುಡಿಯುತ್ತಿದ್ದರು.

ಕಾಕ್‌ಟೇಲ್ ಹಾಗಲ್ಲ. ಅದು ಒಬ್ಬನಿಗೆ ಒಂದು ಗ್ಲಾಸು. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಓದುಗರೊಬ್ಬರಿಗೆ ಉತ್ತರಿಸುತ್ತ ಅದರ ಅರ್ಥ ವಿವರಿಸಿತ್ತು. ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ ಸೇರಿದರೆ ಕಾಕ್‌ಟೇಲ್. ಬಿಟರ್ಸ್ ಎಂದರೆ ಕಹಿ ಬೇರು, ತೊಗಟೆ, ಮಸಾಲೆಗಳನ್ನು ಮದ್ಯದಲ್ಲಿ ನೆನೆಸಿ ತೆಗೆದ ಸತ್ವ.

ಈ ಹೊಸ ಪಾನೀಯಕ್ಕೆ ಬಲ ಬಂದದ್ದು ಮಂಜುಗಡ್ಡೆಯಿಂದ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆ, ಸರೋವರಗಳಿಂದ ಗಡ್ಡೆ ಕತ್ತರಿಸಿ, ಮರದ ಹೊಟ್ಟಿನಲ್ಲಿ ಮುಚ್ಚಿಟ್ಟು ವರ್ಷವಿಡೀ ಮಾರುವ ವ್ಯಾಪಾರವನ್ನು ಬಾಸ್ಟನ್ನಿನ ಫ್ರೆಡೆರಿಕ್ ಟ್ಯೂಡರ್ ಬೆಳೆಸಿದ. 1833ರಲ್ಲಿ ಆತನ ಮಂಜುಗಡ್ಡೆ ಹಡಗೇರಿ ಕೋಲ್ಕತಾಗೂ ಬಂತು. ಚೆನ್ನೈನ ಮರೀನಾ ದಂಡೆಯಲ್ಲಿ ಇಂದು ವಿವೇಕಾನಂದರ ಹೆಸರಿನಲ್ಲಿರುವ ಕಟ್ಟಡ ಅಂಥ ಮಂಜುಗಡ್ಡೆಯ ದಾಸ್ತಾನಿಗೆಂದೇ ಕಟ್ಟಿದ್ದು. ಅದಕ್ಕೇ ಆ ಜಾಗ ಈಗಲೂ ‘ಐಸ್ ಹೌಸ್’. ಮಂಜುಗಡ್ಡೆ ಅಗ್ಗವಾದ ಮೇಲೆ ಅಮೆರಿಕದ ಬಾರ್‌ಟೆಂಡರ್ ಪ್ರತಿ ಗಿರಾಕಿಗೂ ಬೇರೆಯೇ ಗ್ಲಾಸಿನಲ್ಲಿ, ಅವನ ಕಣ್ಣೆದುರೇ ತಣ್ಣಗೆ ಬೆರೆಸಿ ಕೊಡುವುದು ಸಾಧ್ಯವಾಯಿತು. ಕಟ್ಟೆಯ ಹಿಂದೆ ನಿಂತವನ ಮರ್ಯಾದೆ ಏರಿದ್ದು ಹೀಗೆ.

ಗುಟ್ಟನ್ನು ಅಚ್ಚಿಗೆ ಹಾಕಿದವನು

1862ರಲ್ಲಿ ಅಮೆರಿಕ ಅಂತರ್ಯುದ್ಧದಲ್ಲಿ ಮುಳುಗಿತ್ತು. ಅದೇ ವರ್ಷ ನ್ಯೂಯಾರ್ಕ್‌ನ ‘ಡಿಕ್ ಅಂಡ್ ಫಿಟ್ಜೆರಾಲ್ಡ್’ ಪ್ರಕಾಶನದಿಂದ ಥಾಮಸ್‌ನ ಪುಸ್ತಕ ಹೊರಬಂತು. ಹೆಸರು ‘ಹೌ ಟು ಮಿಕ್ಸ್ ಡ್ರಿಂಕ್ಸ್’. ಕ್ರಿಶ್ಚಿಯನ್ ಶುಲ್ಟ್ಸ್ ಎಂಬಾತ ಬರೆದ, ಸಿರಪ್ ಮತ್ತು ಮದ್ಯ ತಯಾರಿಸುವ ಕೈಪಿಡಿಯನ್ನೂ ಅದರ ಜತೆಗೇ ಕಟ್ಟಲಾಗಿತ್ತು. ಅಲ್ಲಿಯವರೆಗೆ ಬಾಯಿಂದ ಬಾಯಿಗೆ ಸಾಗುತ್ತಿದ್ದ ಇನ್ನೂರಕ್ಕೂ ಹೆಚ್ಚು ಪಾಕಗಳು ಅಳತೆ ಸಮೇತ ಮೊದಲ ಬಾರಿಗೆ ಒಂದೆಡೆ ಸೇರಿದವು.

ಪುಸ್ತಕದ ದೊಡ್ಡ ಪಾಲು ಹಳೆಯ ಕಾಲದ ಪಂಚ್‌ಗಳದ್ದೇ. ಪೂರ್ವದೇಶಗಳಿಂದ ಬರುತ್ತಿದ್ದ ಸಾರಾಯಿ ಬಳಸಿ ಮಾಡುವ ‘ಅರಾಕ್ ಪಂಚ್’ ಕೂಡ ಅದರಲ್ಲಿದೆ. ಕಾಕ್‌ಟೇಲ್‌ಗಳು ಇರುವುದು ಹತ್ತೇ ಹತ್ತು. ಇಂದು ಇಡೀ ಕಸುಬಿಗೆ ಹೆಸರು ಕೊಟ್ಟ ಪಾನೀಯಕ್ಕೆ ಅಂದು ಸಿಕ್ಕ ಜಾಗ ಅಷ್ಟು ಸಣ್ಣದು. ಥಾಮಸ್ ಅದನ್ನು ಹೊಸ ಕಾಲದ ಆವಿಷ್ಕಾರ ಎಂದು ಪರಿಚಯಿಸುತ್ತಾನೆ. ಮೀನು ಹಿಡಿಯಲು, ಬೇಟೆ-ಆಟಕ್ಕೆ ಹೋಗುವವರು ಹೆಚ್ಚಾಗಿ ಬಳಸುವ ಪಾನೀಯ ಇದು ಎಂಬುದು ಆತನ ವಿವರಣೆ.

ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂತವನ ಪಕ್ಕ ಬಾರ್‌ಟೆಂಡರ್ ಎಲ್ಲಿಂದ ಬರಬೇಕು? ಅದಕ್ಕೇ ಆ ವಿಭಾಗದ ಮೊದಲ ಪಾಕವೇ ‘ಬಾಟಲ್ ಕಾಕ್‌ಟೇಲ್’. ಮನೆಯಲ್ಲಿ ಬೆರೆಸಿ, ಬಿರಡೆ ಹಾಕಿ, ಜತೆಗೆ ಒಯ್ಯುವ ಕಾಕ್‌ಟೇಲ್!

ಬಾಟಲಿಯೊಳಗೆ ಏನಿತ್ತು?

ಪಾಕ ಸರಳ. ಬಾಟಲಿಯ ಮೂರರಲ್ಲಿ ಎರಡು ಪಾಲು ಬ್ರಾಂಡಿ, ಒಂದು ಪಾಲು ನೀರು. ಅದಕ್ಕೆ ಒಂದು ‘ಪೋನಿ ಗ್ಲಾಸ್’ ಬಿಟರ್ಸ್, ಒಂದು ‘ವೈನ್ ಗ್ಲಾಸ್’ ಸಕ್ಕರೆ ಪಾಕ, ಅರ್ಧ ಪೋನಿ ಕುರಸಾವೊ, ಅಂದರೆ ಕಿತ್ತಳೆ ಸಿಪ್ಪೆಯ ಘಮವಿರುವ ಸಿಹಿ ಮದ್ಯ. ಆಗಿನ ಪೋನಿ ಅಳತೆ ಸುಮಾರು 30 ಮಿಲಿ, ವೈನ್ ಗ್ಲಾಸ್ ಸುಮಾರು 60 ಮಿಲಿ. ನಮ್ಮ ಸ್ಮಾಲ್ ಪೆಗ್, ಲಾರ್ಜ್ ಪೆಗ್ ಲೆಕ್ಕವೇ. ಬ್ರಾಂಡಿಯ ಬದಲು ವಿಸ್ಕಿ ಅಥವಾ ಜಿನ್ ಹಾಕಿದರೆ ಆಯಾ ಹೆಸರಿನ ಬಾಟಲ್ ಕಾಕ್‌ಟೇಲ್. ಇಲ್ಲೊಂದು ತಮಾಷೆಯ ತಪ್ಪೂ ನುಸುಳಿದೆ. ಆ ಕಾಲಕ್ಕೆ ಹೆಸರುವಾಸಿಯಾಗಿದ್ದ ‘ಬೋಕರ್ಸ್’ ಬಿಟರ್ಸ್ ಪುಸ್ತಕದಲ್ಲಿ ‘ಬೋಗಾರ್ಟ್ಸ್’ ಎಂದು ಅಚ್ಚಾಗಿದೆ.

ಸಾಧಾರಣ ಪಾಕದಂತೆ ಕಂಡರೂ ಇದರಲ್ಲಿ ಎರಡು ಜಾಣತನಗಳಿವೆ. ಮೊದಲನೆಯದು ನೀರು. ಬಾರ್‌ನಲ್ಲಿ ಮಂಜುಗಡ್ಡೆ ಹಾಕಿ ಕದಡುವಾಗ ಗಡ್ಡೆ ಕರಗಿ, ಗ್ಲಾಸಿನ ಕಾಲು ಭಾಗದಷ್ಟು ನೀರು ತಾನಾಗಿ ಸೇರುತ್ತದೆ. ಆ ನೀರು ಸೇರದಿದ್ದರೆ ಕಾಕ್‌ಟೇಲ್ ಗಂಟಲು ಸುಡುತ್ತದೆ. ಬಾಟಲಿಯಲ್ಲಿ ಮಂಜುಗಡ್ಡೆ ಇಲ್ಲವಲ್ಲ, ಆ ಕೊರತೆಯನ್ನು ಥಾಮಸ್ ಮೊದಲೇ ನೀರು ಅಳೆದು ತುಂಬಿದ. ಎರಡನೆಯದು, ನಿಂಬೆರಸವನ್ನು ಹೊರಗಿಟ್ಟದ್ದು. ಹಿಂಡಿದ ಹಣ್ಣಿನ ರಸ ಒಂದೆರಡು ದಿನಕ್ಕೇ ರುಚಿ ಕೆಡುತ್ತದೆ. ಆದರೆ ಮದ್ಯ, ಸಕ್ಕರೆ ಪಾಕ, ಬಿಟರ್ಸ್ ಬೆರೆತ ಬಾಟಲಿ ಬಹುಕಾಲ ಹಾಗೇ ಇರುತ್ತದೆ.

ಇಂದಿನ ಡಬ್ಬಿಗಳೂ ಈ ಎರಡು ಲೆಕ್ಕಗಳನ್ನು ಮೀರಿಲ್ಲ. ಕುಡಿಯಲು ಹದವಾಗುವಷ್ಟು ನೀರು ಮೊದಲೇ ಸೇರಿರುತ್ತದೆ. ಹುಳಿ ಬೇಕಾದಲ್ಲಿ ತಾಜಾ ರಸದ ಬದಲು ಬಹಳಷ್ಟು ತಯಾರಕರು ಸಿಟ್ರಿಕ್ ಆಮ್ಲದ ಮೊರೆ ಹೋಗುತ್ತಾರೆ. ಡಬ್ಬಿಯ ಕಾಕ್‌ಟೇಲ್‌ಗೆ ಮತ್ತೆ ಗ್ಲಾಸಿನ ತುಂಬ ಐಸ್ ಹಾಕಿ ಹೊತ್ತು ಕಳೆದರೆ ಅದು ನೀರುನೀರಾಗುವುದೂ ಇದೇ ಕಾರಣಕ್ಕೆ. ಡಬ್ಬಿಯನ್ನೇ ಫ್ರಿಜ್‌ನಲ್ಲಿ ಚೆನ್ನಾಗಿ ತಣಿಸಿದರೆ ಆ ತೊಂದರೆಯಿಲ್ಲ.

ಆದರೆ ಒಂದು ವ್ಯತ್ಯಾಸವಿದೆ. 40% ಮದ್ಯಸಾರದ ಬ್ರಾಂಡಿ ಹಿಡಿದು ಲೆಕ್ಕ ಹಾಕಿದರೆ ಥಾಮಸ್‌ನ ಬಾಟಲಿಯಲ್ಲಿ ಮದ್ಯಸಾರ 25%ರ ಆಸುಪಾಸು. ಅದು ಪುಟ್ಟ ಗ್ಲಾಸಿನಲ್ಲಿ ಸ್ವಲ್ಪಸ್ವಲ್ಪ ಕುಡಿಯುವ ಪಾನೀಯ. ಇಂದಿನ ಡಬ್ಬಿಗಳಲ್ಲಿ ಬಿಯರ್‌ನಷ್ಟೇ ಮದ್ಯಸಾರವಿರುವವೂ ಇವೆ, ಅದರ ಎರಡು ಮೂರು ಪಟ್ಟು ಇರುವವೂ ಇವೆ. ಸಿಹಿ, ತಂಪು ಮತ್ತು ಗ್ಯಾಸ್ ಸೇರಿ ಮದ್ಯದ ಖಾರವನ್ನು ಮರೆಮಾಚುತ್ತವೆ. ನಾಲಗೆ ಕೊಡದ ಎಚ್ಚರಿಕೆಯನ್ನು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳೇ ಕೊಡಬೇಕು.

ವಾರಕ್ಕೆ ನೂರು ಡಾಲರ್

ಪುಸ್ತಕ ಬಂದ ಬಳಿಕ ಥಾಮಸ್ ಮತ್ತೆ ಪಶ್ಚಿಮಕ್ಕೆ ಹೊರಟ. ಸ್ಯಾನ್ ಫ್ರಾನ್ಸಿಸ್ಕೊದ ಆಕ್ಸಿಡೆಂಟಲ್ ಹೋಟೆಲ್‌ನಲ್ಲಿ ಆತನ ಸಂಬಳ ವಾರಕ್ಕೆ ನೂರು ಡಾಲರ್. ದಿನಗೂಲಿಯವನು ವಾರವಿಡೀ ದುಡಿದರೂ ಹತ್ತು ಡಾಲರ್ ಕಾಣುವುದು ಕಷ್ಟವಿದ್ದ ಕಾಲವದು. ನೆವಾಡಾದಲ್ಲಿ ಬೆಳ್ಳಿ ಗಣಿಗಳಿಂದ ಬೆಳೆದ ವರ್ಜೀನಿಯಾ ಸಿಟಿಯಲ್ಲೂ ಕೆಲಸ ಮಾಡಿ, ಯುದ್ಧ ಮುಗಿಯುವ ಹೊತ್ತಿಗೆ ನ್ಯೂಯಾರ್ಕ್‌ಗೆ ಹಿಂದಿರುಗಿದ.

1866ರಲ್ಲಿ ಬ್ರಾಡ್‌ವೇಯ 21 ಮತ್ತು 22ನೇ ರಸ್ತೆಗಳ ನಡುವೆ ಆತ ತೆರೆದ ಬಾರ್ ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿತು. ಮರುವರ್ಷ ಹೆನ್ರಿಯೆಟ್ಟಾ ಎಂಬ ವಿಧವೆಯನ್ನು ಮದುವೆಯಾದ. ಗಿರಾಕಿಗಳನ್ನು ಉದ್ದವಾಗಿ, ದಪ್ಪವಾಗಿ ತೋರಿಸುವ ತಮಾಷೆಯ ಕನ್ನಡಿಗಳನ್ನು ತನ್ನ ಬಾರ್‌ನಲ್ಲಿ ಹಾಕಿಸಿದ. ಗೋಡೆಗಳ ಮೇಲೆ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್‌ನ ಚಿತ್ರಗಳು. ನ್ಯೂಯಾರ್ಕ್‌ನ ಭ್ರಷ್ಟ ರಾಜಕಾರಣಿ ಟ್ವೀಡ್‌ನನ್ನು ರೇಖೆಗಳಿಂದಲೇ ನಡುಗಿಸಿದ, ರಿಪಬ್ಲಿಕನ್ ಪಕ್ಷಕ್ಕೆ ಆನೆಯ ಗುರುತನ್ನು ನೆಲೆಗೊಳಿಸಿದ ಕಲಾವಿದನೇ ಈತ. ಆತನ ಚಿತ್ರಗಳನ್ನು ಮೊದಮೊದಲು ಸಾರ್ವಜನಿಕವಾಗಿ ತೂಗುಹಾಕಿದವರಲ್ಲಿ ಥಾಮಸ್ ಒಬ್ಬ. ನಾಟಕದವರು, ರಾಜಕಾರಣಿಗಳು, ಪತ್ರಕರ್ತರು ತಮ್ಮದೇ ಅಣಕು ಚಿತ್ರ ನೋಡಲು ಅಲ್ಲಿಗೆ ಬಂದು, ನೋಡಿ ನಕ್ಕು, ಇನ್ನೊಂದು ಗ್ಲಾಸು ಹೇಳುತ್ತಿದ್ದರು.

ಆತನ ಹವ್ಯಾಸಗಳೂ ವಿಚಿತ್ರವಾಗಿದ್ದವು. ಮುಷ್ಟಿಕಾಳಗದ ಹುಚ್ಚು, ಚಿತ್ರಕಲೆ ಸಂಗ್ರಹಿಸುವ ಹುಚ್ಚು. ದಢೂತಿ ದೇಹದವರ ಸಂಘದಲ್ಲಿ ಸದಸ್ಯತ್ವ. ಸೋರೆಕಾಯಿ ಬೆಳೆಯುವವರ ಕ್ಲಬ್ಬಿನಲ್ಲಿ ಎಲ್ಲರಿಗಿಂತ ದೊಡ್ಡ ಕಾಯಿ ಬೆಳೆಸಿ ಅದರ ಅಧ್ಯಕ್ಷನೂ ಆಗಿದ್ದ.

ಆತನ ಹೆಸರಿಗೆ ಅಂಟಿಕೊಂಡ ಎಲ್ಲವೂ ನಿಜವಲ್ಲ. ಮೊಟ್ಟೆ, ಸಕ್ಕರೆ, ರಮ್ ಹಾಕಿ ಮಾಡುವ ‘ಟಾಮ್ ಅಂಡ್ ಜೆರ್ರಿ’ ಎಂಬ ಬಿಸಿ ಪಾನೀಯ ತನ್ನದೇ ಸೃಷ್ಟಿ ಎಂದು ಥಾಮಸ್ ಹೇಳಿಕೊಳ್ಳುತ್ತಿದ್ದ. ಆದರೆ ಆತ ಹುಟ್ಟುವ ಮೊದಲೇ ಅಮೆರಿಕದ ಪತ್ರಿಕೆಯೊಂದರಲ್ಲಿ ಅದರ ಹೆಸರು ಬಂದಿದೆ. ಮಾರ್ಟಿನಿಯ ಪೂರ್ವಜ ಎನ್ನಲಾದ ‘ಮಾರ್ಟಿನೆಜ್’ ಕೂಡ ಆತನದೇ ಎನ್ನುವವರಿದ್ದಾರೆ. ಆದರೆ ಅದು ಆತನ ಪುಸ್ತಕ ಸೇರಿದ್ದು ಆತ ಸತ್ತ ಎರಡು ವರ್ಷದ ಮೇಲೆ ಬಂದ ಆವೃತ್ತಿಯಲ್ಲಿ. ಥಾಮಸ್‌ನ ನಿಜವಾದ ಹಿರಿಮೆ ಇರುವುದು ಹೊಸ ಪಾನೀಯ ಕಂಡುಹಿಡಿದದ್ದರಲ್ಲಿ ಅಲ್ಲ. ಎಲ್ಲರ ಬಳಿ ಚದುರಿದ್ದ ಪಾನೀಯಗಳಿಗೆ ಅಳತೆ ಕೊಟ್ಟು, ಯಾರು ಬೇಕಾದರೂ ಮಾಡಬಹುದಾದಂತೆ ಬರೆದಿಟ್ಟದ್ದರಲ್ಲಿ.

ಷೇರುಪೇಟೆಯ ಪೆಟ್ಟು

ಕೈಯಲ್ಲಿ ದುಡ್ಡು ಓಡಾಡತೊಡಗಿದ ಮೇಲೆ ಥಾಮಸ್‌ನ ಕಣ್ಣು ವಾಲ್ ಸ್ಟ್ರೀಟ್‌ನ ಮೇಲೆ ಬಿತ್ತು. ಆತನ ಗಿರಾಕಿಗಳಲ್ಲಿ ಷೇರು ವ್ಯವಹಾರದವರಿಗೆ ಕೊರತೆ ಇರಲಿಲ್ಲ. ಸಾಲದ ಬಲದ ಮೇಲೆ ಷೇರು ಕೊಳ್ಳುವ ಆಟಕ್ಕೆ ಇಳಿದ. ಬೆಲೆ ಏರಿದರೆ ಲಾಭ ಹಲವು ಪಟ್ಟು, ಇಳಿದರೆ ಇದ್ದದ್ದೂ ಹೋಗುವ ಆಟ. ಎಲ್ ಡೊರಾಡೊದ ಜೂಜಿನ ಮೇಜುಗಳ ಪಕ್ಕದಲ್ಲೇ ಕೆಲಸ ಮಾಡಿ, ಜನ ಗಳಿಸಿದ್ದನ್ನೆಲ್ಲ ಒಂದೇ ರಾತ್ರಿಯಲ್ಲಿ ಕಳೆದುಕೊಳ್ಳುವುದನ್ನು ಕಂಡಿದ್ದ ಮನುಷ್ಯ ಇಲ್ಲಿ ಅದೇ ತಪ್ಪು ಮಾಡಿದ.

ನಷ್ಟ ತುಂಬಲು ಬಾರ್ ಮಾರಬೇಕಾಯಿತು. ವರ್ಷಗಟ್ಟಲೆ ಕೂಡಿಸಿದ ಚಿತ್ರಗಳು ಹರಾಜಾದವು. ಮತ್ತೆ ಇನ್ನೊಂದು ಬಾರ್ ತೆರೆದು ನೋಡಿದ. ಹಳೆಯ ಜನಸಂದಣಿ ಹಿಂದಿರುಗಲಿಲ್ಲ. ಅಷ್ಟರಲ್ಲಿ ಊರಿನಲ್ಲಿ ಹೊಸ ಬಾರ್‌ಗಳು, ಹೊಸ ಬಾರ್‌ಟೆಂಡರ್‌ಗಳು ಬಂದಿದ್ದರು. ಆತನ ಪುಸ್ತಕ ಇಪ್ಪತ್ತು ವರ್ಷಗಳಿಂದ ಅಂಗಡಿಯಲ್ಲಿ ಸಿಗುತ್ತಿತ್ತು. ಹಾಗಾಗಿ ಪ್ರೊಫೆಸರನ ಪಾಕ ಬೇಕೆಂದವರು ಪ್ರೊಫೆಸರನ ಬಾರ್‌ಗೇ ಹೋಗಬೇಕೆಂದೇನೂ ಇರಲಿಲ್ಲ.

1885ರ ಡಿಸೆಂಬರ್ 15ರಂದು ಪಾರ್ಶ್ವವಾಯು ಬಡಿದು ಥಾಮಸ್ ತೀರಿಕೊಂಡ. ವಯಸ್ಸು 55. ದೇಶದ ಹಲವು ಪತ್ರಿಕೆಗಳು ದೀರ್ಘ ಶ್ರದ್ಧಾಂಜಲಿ ಪ್ರಕಟಿಸಿದವು. ‘ನ್ಯೂಯಾರ್ಕ್ ಟೈಮ್ಸ್’ ಕೂಡ ಆತ ಒಂದು ಕಾಲಕ್ಕೆ ಊರಿನ ಅತಿ ಪರಿಚಿತ ಬಾರ್‌ಟೆಂಡರ್ ಆಗಿದ್ದುದನ್ನು ನೆನೆಯಿತು. ನ್ಯೂಯಾರ್ಕ್‌ನ ಬ್ರಾಂಕ್ಸ್ ಭಾಗದ ವುಡ್‌ಲಾನ್ ಸ್ಮಶಾನದಲ್ಲಿ ಆತನ ಸಮಾಧಿ ಇದೆ.

ಬಾಟಲಿ ಡಬ್ಬಿಯಾದ ಕಥೆ

ಥಾಮಸ್ ಹೋದ ಮೇಲೂ ಪುಸ್ತಕ ನಿಲ್ಲಲಿಲ್ಲ. 1887ರಲ್ಲಿ ಅದೇ ಪ್ರಕಾಶಕರು ಪರಿಷ್ಕೃತ ಆವೃತ್ತಿ ತಂದರು. ಮೊದಲ ಪುಸ್ತಕದಲ್ಲಿ ಒಂದು ಬಾಟಲಿಗೆ ಇದ್ದ ಲೆಕ್ಕ ಈಗ ಪೀಪಾಯಿಯ ಮಟ್ಟಕ್ಕೆ ಬೆಳೆದಿತ್ತು. ಐದು ಗ್ಯಾಲನ್ ಬ್ರಾಂಡಿಗೆ ಎರಡು ಗ್ಯಾಲನ್ ನೀರು ಬೆರೆಸಿ, ದಪ್ಪ ಬಟ್ಟೆಯಲ್ಲಿ ಸೋಸಿ ಬಾಟಲಿಗಳಿಗೆ ತುಂಬುವ ಪಾಕ. ಐದು ಗ್ಯಾಲನ್ ಎಂದರೆ ಸುಮಾರು 19 ಲೀಟರ್. ಇದು ಮನೆಯ ಅಳತೆಯಲ್ಲ, ವ್ಯಾಪಾರದ ಅಳತೆ.

ಆ ವ್ಯಾಪಾರವನ್ನು ದೊಡ್ಡದು ಮಾಡಿದ್ದು ಬೇರೆಯವರು. ಥಾಮಸ್ ಕೆಲಸ ಕಲಿತ ಅದೇ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಹ್ಯೂಬ್ಲೈನ್ ಸೋದರರ ಕಂಪನಿ 1892ರಲ್ಲಿ ಬಾಟಲಿಯಲ್ಲಿ ಸಿದ್ಧ ಕಾಕ್‌ಟೇಲ್ ಮಾರಲು ಶುರುಮಾಡಿತು. ಔತಣಕ್ಕೆಂದು ಮೊದಲೇ ಬೆರೆಸಿಟ್ಟಿದ್ದ ಕಾಕ್‌ಟೇಲ್ ಮಳೆಯಿಂದಾಗಿ ಹಾಗೇ ಉಳಿದು, ಕೆಲ ದಿನಗಳ ಮೇಲೆ ರುಚಿ ನೋಡಿದರೆ ಕೆಡದೇ ಇತ್ತು ಎಂಬುದು ಆ ಕಂಪನಿಯೊಂದಿಗೆ ಬೆಳೆದು ಬಂದ ಕಥೆ. ಕೆಡುವುದಿಲ್ಲ ಎಂದು ಥಾಮಸ್‌ನ ಪುಸ್ತಕ ಓದಿದವರಿಗೆ ಮೂವತ್ತು ವರ್ಷ ಮೊದಲೇ ತಿಳಿದಿತ್ತು!

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ಬಾರ್‌ಗಳು ಮುಚ್ಚಿದವು, ಕಾಕ್‌ಟೇಲ್ ಕದ್ದುಮುಚ್ಚಿ ಮನೆಯೊಳಗೆ ಬಂತು. ನಿಷೇಧ ಜಾರಿಯಲ್ಲಿದ್ದ 1928ರಲ್ಲೇ ಲೇಖಕ ಹರ್ಬರ್ಟ್ ಆಸ್ಬರಿ ತನ್ನ ಮುನ್ನುಡಿಯೊಂದಿಗೆ ಥಾಮಸ್‌ನ ಪುಸ್ತಕವನ್ನು ಮತ್ತೆ ಹೊರತಂದ. ಪ್ರೊಫೆಸರನ ಬಗ್ಗೆ ಇಂದು ಕೇಳಿಬರುವ ಬಹಳಷ್ಟು ರಂಗುರಂಗಿನ ಕಥೆಗಳು ಹರಡಿದ್ದು ಆ ಮುನ್ನುಡಿಯಿಂದ. ನಿಷೇಧ ತೆರವಾದ ಬಳಿಕ, 1935ರ ಜನವರಿಯಲ್ಲಿ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಡಬ್ಬಿಯಲ್ಲಿ ತುಂಬಿದ ಬಿಯರ್ ಮೊದಲ ಬಾರಿಗೆ ಮಾರಾಟಕ್ಕೆ ಬಂತು. 1960ರ ದಶಕದಲ್ಲಿ ಕೊಂಡಿ ಎಳೆದು ತೆರೆಯುವ ಮುಚ್ಚಳ ಬಂದ ಮೇಲೆ ಡಬ್ಬಿ ತೆರೆಯಲು ಬೇರೆ ಸಾಧನವೇ ಬೇಡವಾಯಿತು. ಕಾಕ್‌ಟೇಲ್ ಆ ದಾರಿಯಲ್ಲೇ ಹಿಂದಿನಿಂದ ಬಂತು.

ಡಬ್ಬಿಯಲ್ಲಿ ಹಿಡಿಸದ್ದು

2020ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಬಾರ್‌ಗಳಿಗೆ ಬೀಗ ಬಿದ್ದಾಗ, ಕಾಕ್‌ಟೇಲ್ ಬೆರೆಸಿ ಮುಚ್ಚಳ ಹಾಕಿ ಮನೆಗೆ ಕಳುಹಿಸಲು ಅಲ್ಲಿನ ಸರ್ಕಾರ ಅನುಮತಿ ಕೊಟ್ಟಿತು. ಥಾಮಸ್ ಬೆಂಕಿ ಹೊಯ್ಯುತ್ತಿದ್ದ ಊರಿನಲ್ಲೇ ಆತನ ವೃತ್ತಿಯವರು ಗಿರಾಕಿಯ ಮುಖ ನೋಡದೆ ಬಾಟಲಿ ತುಂಬಿಸಿ ಬದುಕು ನೂಕಿದರು. ಆಗ ಅವರ ನೆರವಿಗೆ ಬಂದದ್ದು ಬೆಂಕಿಯ ಆಟವಲ್ಲ, ಮೂರರಲ್ಲಿ ಒಂದು ಪಾಲು ನೀರು ಎಂಬ ಆ ಹಳೆಯ ಬಗೆಯ ಲೆಕ್ಕ.

ಪಂಚ್ ಬೋಗುಣಿಯ ಸುತ್ತ ಹತ್ತು ಜನ ಕೂರುತ್ತಿದ್ದರು. ಕಾಕ್‌ಟೇಲ್ ಗ್ಲಾಸಿನ ಎದುರು ಇಬ್ಬರು, ಬೆರೆಸುವವನು ಮತ್ತು ಕುಡಿಯುವವನು. ಡಬ್ಬಿಯ ಎದುರು ಒಬ್ಬನೇ. ಎದುರಿಗೆ ಬಾರ್‌ಟೆಂಡರ್ ಇದ್ದರೆ ಗಿರಾಕಿ ಎಷ್ಟು ಕುಡಿದ, ಇನ್ನು ಸಾಕೇ ಎಂದು ನೋಡುವ ಎರಡು ಕಣ್ಣುಗಳಾದರೂ ಇರುತ್ತವೆ. ಥಾಮಸ್ ತನ್ನ ಕಸುಬಿನ ಅಳತೆಗಳನ್ನೆಲ್ಲ ಪುಸ್ತಕಕ್ಕೆ ಕೊಟ್ಟ. ಅವು ಬಾಟಲಿಗೂ ಹೋದವು, ಡಬ್ಬಿಗೂ ಬಂದವು. ಆ ಕಣ್ಣುಗಳ ಕೆಲಸ ಮಾತ್ರ ಈಗ ಮನೆಯಲ್ಲಿ ಡಬ್ಬಿ ತೆರೆಯುವವರದೇ ಆಗಿದೆ.